ವಾಯಿದೆ ವಕೀಲರಿಗೊಂದು ಕುರ್ಚಿ

ನಮ್ಮ ಯಜಮಾನರು ಇಪ್ಪತ್ತೆರಡು ವರ್ಷ ವಕೀಲಿ ಮಾಡಿದರು. ಒಂದು ಕೇಸನ್ನೂ ಸೋಲಲಿಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಒಂದನ್ನೂ ಗೆಲ್ಲಲೂ ಇಲ್ಲ ಎಂಬುದನ್ನು ಮಾತ್ರ ಯಾರಾದರೂ ಒತ್ತಾಯ ಮಾಡಿ ಕೇಳಿದರೆ ಹೇಳುತ್ತೇನೆ.

ಅವರ ಕೆಲಸದ ಬಗೆಯೇ ಬೇರೆ. ಯಾವ ವಕೀಲರಿಗಾದರೂ ಆ ದಿನ ಕೋರ್ಟಿಗೆ ಬರಲಾಗದಿದ್ದರೆ, ಅಥವಾ ಬಂದೂ ಕೇಸು ಓದಿಕೊಂಡಿರದಿದ್ದರೆ, ಇವರಿಗೆ ಹೇಳಿ ಕಳಿಸುತ್ತಿದ್ದರು. ಇವರು ಹೋಗಿ ಎದ್ದು ನಿಂತು, "ಸ್ವಾಮಿ, ಹಿರಿಯ ವಕೀಲರಿಗೆ ಜ್ವರ. ವಾಯಿದೆ ಕೊಡಬೇಕು" ಎನ್ನುತ್ತಿದ್ದರು. ನ್ಯಾಯಾಧೀಶರು ಮುಂದಿನ ತಾರೀಖು ಹೇಳುತ್ತಿದ್ದರು. ಇವರು ಅದನ್ನು ಡೈರಿಯಲ್ಲಿ ಬರೆದುಕೊಂಡು ಪಕ್ಕದ ಹಾಲ್‌ಗೆ ಓಡುತ್ತಿದ್ದರು. ಅಲ್ಲಿ ಇನ್ನೊಬ್ಬರಿಗೆ ಸೊಂಟನೋವು, ಮತ್ತೊಬ್ಬರಿಗೆ ಹಲ್ಲುನೋವು. ಗುಂಡುಕಲ್ಲಿನ ಹಾಗಿದ್ದ ಎಷ್ಟು ವಕೀಲರನ್ನು ಇವರು ಹಾಸಿಗೆ ಹಿಡಿಸಿದ್ದಾರೋ, ಯಾವ ಆಸ್ಪತ್ರೆಯ ದಫ್ತರದಲ್ಲೂ ಅಷ್ಟು ರೋಗಿಗಳಿರಲಾರರು. ಕೋರ್ಟಿನಲ್ಲಿ ಎಲ್ಲರೂ ಇವರನ್ನು 'ವಾಯಿದೆ ವಕೀಲರು' ಎಂದೇ ಕರೆಯುತ್ತಿದ್ದರು. ಈ ಹೆಸರು ನನಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ.

ತೊಂದರೆ ಶುರುವಾದದ್ದು ಮಗಳೂ ಕಾನೂನು ಓದಿ ಪಾಸಾದ ಮೇಲೆ. ಒಬ್ಬ ಹಿರಿಯ ವಕೀಲೆಯ ಬಳಿ ಸೇರಿಕೊಂಡು, ಇನ್ನು ಮೂರು ತಿಂಗಳಿಗೆ ಅದೇ ಕೋರ್ಟಿಗೆ ಬರುವುದೆಂದು ಗೊತ್ತಾಯಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಇವರಿಗೂ ಸಂತೋಷವೇ, ಆದರೆ ಅಂದಿನಿಂದ ತಟ್ಟೆಗೆ ಹಾಕಿದ್ದನ್ನು ಹಾಗೇ ಬಿಟ್ಟು ಏಳತೊಡಗಿದರು.

ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಹತ್ತಿರ ಬಂದು ಕೂತರು. "ಇವಳೇ, ಅವಳು ಬರೋದರೊಳಗೆ ನಾನು ಅಲ್ಲಿಂದ ಹೊರಬೀಳಬೇಕು."

"ಯಾಕ್ರೀ? ಅಪ್ಪ ಮಗಳು ಒಟ್ಟಿಗೆ ಹೋಗಿ ಬನ್ನಿ. ಒಂದೇ ಡಬ್ಬಿಯಲ್ಲಿ ಊಟ ಕಟ್ಟಿಕೊಡ್ತೀನಿ."

"ನಾನು ಅಲ್ಲಿ ಏನು ಮಾಡ್ತೀನಿ ಅಂತ ಅವಳು ನೋಡಬಾರದು" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ತಲೆದಿಂಬಿನ ಕವರನ್ನು ತೆಗೆದುಕೊಂಡು ತಾವೇ ಮಡಿಸಿದರು. ಮದುವೆಯಾದಾಗಿನಿಂದ ಅವರು ಮಡಿಸಿದ ಮೊದಲ ಬಟ್ಟೆ ಅದು. ವಿಷಯ ಎಷ್ಟು ಗಂಭೀರ ಎಂದು ನನಗೆ ಅರ್ಥವಾಯಿತು.

ಹೀಗೆ ನಾವು ಕೆಲಸ ಕೊಡಿಸುವ ಕನ್ಸಲ್ಟೆನ್ಸಿಗೆ ಹೋದೆವು. 'ನಾವು' ಯಾಕೆಂದರೆ, ಸರ್ಟಿಫಿಕೇಟುಗಳು ಯಾವ ಫೈಲಿನಲ್ಲಿವೆ ಎಂದು ಗೊತ್ತಿರುವುದು ನನಗೊಬ್ಬಳಿಗೇ. ಕನ್ನಡಕದ ಅಂಗಡಿಯ ಮೇಲೆ ಮೂರನೇ ಮಹಡಿ, ಗಾಜಿನ ಕೋಣೆ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ನಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದಾದ ಹುಡುಗಿ ಪೇಪರ್ ಲೋಟದಲ್ಲಿ ನೀರು ಕೊಟ್ಟು ನಗುತ್ತಾ ಕೂತಳು.

"ಸರ್, ಇಲ್ಲಿವರೆಗೆ ಎಷ್ಟು ಕೇಸಲ್ಲಿ ಹಾಜರಾಗಿದ್ದೀರಿ?"

"ಹೆಚ್ಚು ಕಡಿಮೆ ಮೂವತ್ತು ಸಾವಿರ."

ಹುಡುಗಿಯ ಪೆನ್ನು ನಿಂತಿತು. "ಮೂವತ್ತು... ಸಾವಿರಾನಾ? ಅದರಲ್ಲಿ ಎಷ್ಟು ಸೋತಿದ್ದೀರಿ, ಸರ್?"

"ಒಂದೂ ಇಲ್ಲ."

ನಾನು ಪ್ಲಾಸ್ಟಿಕ್ ಗಿಡದ ಕಡೆ ತಿರುಗಿದೆ. ಎಲೆಗಳ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಬೇಕೆನ್ನಿಸಿತು.

"ಮೇಡಂ, ಸರ್ ಮನೇಲೂ ಇಷ್ಟು ಕಡಿಮೆ ಮಾತಾಡ್ತಾರಾ?" ಎಂದು ಹುಡುಗಿ ನನ್ನನ್ನು ಕೇಳಿದಳು.

"ಮನೇಲೂ ಏನು ಕೇಳಿದರೂ ನಾಳೆ ನೋಡೋಣ ಅಂತಾರೆ, ಅಷ್ಟೇ" ಎಂದೆ. ಅವಳು ಅದನ್ನೂ ಬರೆದುಕೊಂಡಳು. 'ತಾಳ್ಮೆ' ಎಂದು ಬರೆದಳಂತೆ, ಆಮೇಲೆ ಗೊತ್ತಾಯಿತು.

ತಗಡಿನ ಕಾರ್ಖಾನೆಯವರು ಕಾನೂನು ಸಲಹೆಗಾರರನ್ನು ಹುಡುಕುತ್ತಿದ್ದಾರೆ, ಇವರ ಹೆಸರು ಕಳಿಸುತ್ತೇನೆ, ಆದರೆ ಇವರನ್ನು ಚೆನ್ನಾಗಿ ಬಲ್ಲ ಮೂವರ ಫೋನ್ ನಂಬರ್ ಬೇಕು, ಕರೆ ಮಾಡಿ ನಾಲ್ಕು ಮಾತು ವಿಚಾರಿಸುತ್ತೇನೆ, ಎಂದಳು. ಲೋಕದಲ್ಲಿ ಎಲ್ಲರೂ ಇಂಥ ಕಡೆ ಸ್ನೇಹಿತರಿಗೆ ಫೋನ್ ಮಾಡಿ, "ನನ್ನ ಬಗ್ಗೆ ಎರಡು ಒಳ್ಳೆ ಮಾತು ಹೇಳಪ್ಪ" ಎಂದು ಸುಮ್ಮನಾಗುತ್ತಾರೆ. ನಮ್ಮವರು ವಕೀಲರು. ಯಾರೋ ಮೂವರು ಯಾರದೋ ಪ್ರಶ್ನೆಗೆ ಉತ್ತರ ಕೊಡಬೇಕೆಂದ ಮೇಲೆ ಅವರು ಸಾಕ್ಷಿಗಳು. ಸಾಕ್ಷಿಗಳೆಂದ ಮೇಲೆ ತಯಾರಿ ಮಾಡಿಸದೆ ಬಿಡುವುದುಂಟೆ?

ಮಾರನೆಯ ಭಾನುವಾರ ನಮ್ಮ ಹಾಲ್‌ನಲ್ಲಿ ಮೂವರನ್ನೂ ಸೇರಿಸಿದರು. ಕೆಳಗಿನ ಮನೆಯಲ್ಲಿರುವ ನಮ್ಮ ಮನೆ ಮಾಲೀಕರು, ಕೋರ್ಟಿನ ಹೊರಗೆ ಕೂರುವ ಟೈಪಿಸ್ಟು, ಮತ್ತು ಅಂಚೆ ಕಚೇರಿಯಿಂದ ನಿವೃತ್ತನಾದ ನಮ್ಮಣ್ಣ. ನಾನು ಮೂವರಿಗೂ ಚಹಾ ಕೊಟ್ಟೆ. ಇವರು ಕಪ್ಪು ಕೋಟು ಹಾಕಿಕೊಂಡು ಬಂದರು.

"ನೋಡಿ, ಮೂರೇ ನಿಯಮ" ಎಂದರು. "ಕೇಳಿದ್ದಕ್ಕಷ್ಟೇ ಉತ್ತರ. ಕಣ್ಣಾರೆ ನೋಡದೇ ಇದ್ದದ್ದನ್ನು ಹೇಳಬಾರದು. ಅನುಮಾನ ಬಂದರೆ, ಜ್ಞಾಪಕವಿಲ್ಲ ಅನ್ನಿ."

"ಅಯ್ಯೋ, ಅಷ್ಟೇ ತಾನೇ" ಎಂದರು ಮಾಲೀಕರು. "ನೀವು ಚಿನ್ನದಂಥ ಮನುಷ್ಯ ಅಂತ ಹೇಳಿಬಿಡ್ತೀನಿ, ಬಿಡಿ."

ಇವರು ಗಕ್ಕನೆ ಅವರ ಕಡೆ ತಿರುಗಿದರು. "ಚಿನ್ನದಂಥ ಮನುಷ್ಯ. ಒಳ್ಳೇದು. ಹೇಗೆ ಗೊತ್ತು?"

"ಹೇಗೆ ಅಂದ್ರೆ... ಒಂಬತ್ತು ವರ್ಷದಿಂದ ನಮ್ಮ ಮನೇಲೇ ಇದ್ದೀರಲ್ಲ."

"ಒಂಬತ್ತು ವರ್ಷ. ದಿನಕ್ಕೆ ಎಷ್ಟು ಹೊತ್ತು ನನ್ನನ್ನು ನೋಡ್ತೀರಿ?"

"ಮೆಟ್ಟಿಲ ಹತ್ತಿರ... ಒಂದೆರಡು ನಿಮಿಷ."

"ಮಿಕ್ಕ ಇಪ್ಪತ್ತಮೂರು ಗಂಟೆ ಐವತ್ತೆಂಟು ನಿಮಿಷ ನಾನು ಏನು ಮಾಡ್ತೀನಿ? ಹೇಳಿ! ಗೊತ್ತಿಲ್ಲ ಅಲ್ವಾ? ಗೊತ್ತಿಲ್ಲದೆ ಚಿನ್ನ ಅಂದಿರಿ. ಯಾರು ಹೇಳಿಕೊಟ್ಟರು ನಿಮಗೆ?"

"ಯಾರೂ ಇಲ್ಲ, ದೇವರಾಣೆ ಯಾರೂ ಇಲ್ಲ!" ಮಾಲೀಕರು ಚಹಾದ ಕಪ್ಪನ್ನು ನೆಲದ ಮೇಲಿಟ್ಟು, ಸಾಕ್ಷಿಕಟ್ಟೆಯಲ್ಲಿರುವವರಂತೆ ಎದ್ದು ನಿಂತರು. ನಾನು ಮೆಲ್ಲಗೆ ಹೋಗಿ ಎತ್ತಿಕೊಂಡೆ.

ಇವರು ಟೈಪಿಸ್ಟಿನ ಕಡೆ ಹೋದರು, ಅಣ್ಣನ ಕಡೆ ಬಂದರು, ಮತ್ತೆ ಮಾಲೀಕರ ಕಡೆ ತಿರುಗಿದರು. ಮೃದುವಾಗಿ ಶುರುಮಾಡಿ, ಬಾಗಿಲು ತೆರೆದು, ಎದುರಿನವನು ಒಳಗೆ ಬಂದ ಮೇಲೆ ಚಿಲಕ ಹಾಕುವ ಹಾಗೆ ಪ್ರಶ್ನೆ ಕೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ನಮ್ಮಣ್ಣ, ತನ್ನ ತಂಗಿಯ ಮದುವೆಗೆ ತಾನು ಹೋಗಿದ್ದೆನೋ ಇಲ್ಲವೋ ಖಚಿತವಿಲ್ಲ ಎಂದು ಒಪ್ಪಿಕೊಂಡ. ಮದುವೆಯ ದಿನ ನನ್ನ ಪಕ್ಕದಲ್ಲೇ ನಿಂತು ಅತ್ತಿದ್ದವನು ಅವನು.

ಮಗಳು ಬಾಗಿಲ ಬಳಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಆಮೇಲೆ ಅಡುಗೆಮನೆಗೆ ಓಡಿಬಂದಳು.

"ಅಮ್ಮಾ, ಅಪ್ಪ ಕೋರ್ಟಲ್ಲೂ ಹೀಗೇ ಮಾಡ್ತಾರಾ?"

ನಾನು ಪಾತ್ರೆ ತಿಕ್ಕುತ್ತಿದ್ದೆ. "ಇನ್ನೇನು ಮತ್ತೆ" ಎಂದೆ.

"ನಾನು ಸೇರಿದ ದಿನವೇ ಹೋಗಿ ಅಪ್ಪನ ಹಿಂದಿನ ಬೆಂಚಲ್ಲಿ ಕೂತ್ಕೋತೀನಿ. ನನ್ನ ಗೆಳತಿಯರನ್ನೂ ಕರ್ಕೊಂಡು ಹೋಗ್ತೀನಿ!"

ತಾಯಿಯಾದವಳು ಕೆಲವು ಸಲ ಸುಳ್ಳು ಹೇಳಬೇಕಾಗುತ್ತದೆ. ಆದರೆ ಗೆಳತಿಯರನ್ನೂ ಕರೆದುಕೊಂಡು ಹೋಗುವಂಥ ಸುಳ್ಳು ಹೇಳಬಾರದು. ಆ ತಪ್ಪು ನನ್ನದೇ.

ಬುಧವಾರ ಕನ್ಸಲ್ಟೆನ್ಸಿಯ ಹುಡುಗಿ ಫೋನ್ ಮಾಡಿದಳು. ಮಾಲೀಕರು ಮೆಟ್ಟಿಲ ಬುಡದಿಂದ, "ಬನ್ನಿ ಅಮ್ಮಾ, ಬೇಗ ಬನ್ನಿ, ಶುರುವಾಯ್ತು" ಎಂದು ನನ್ನನ್ನು ಕೂಗಿ, ಫೋನನ್ನು ಸ್ಪೀಕರಿಗೆ ಹಾಕಿ, ನೆಟ್ಟಗೆ ನಿಂತರು.

"ಸರ್, ವಕೀಲರು ನಿಮಗೆ ಎಷ್ಟು ವರ್ಷದಿಂದ ಪರಿಚಯ?"

"ಯಾವ ವಕೀಲರು?"

"ನಿಮ್ಮ ಮೇಲಿನ ಮನೆಯಲ್ಲಿದ್ದಾರಲ್ಲ, ಸರ್, ಅವರು."

"ಮೇಲೆ ಯಾರೋ ನಡೆದಾಡೋ ಸದ್ದು ಕೇಳಿದ್ದೀನಿ. ಅದು ಅವರೇ ಅಂತ ನಾನು ಹೇಗೆ ಹೇಳಲಿ? ಕಣ್ಣಾರೆ ನೋಡಿಲ್ಲ."

"ಸರ್, ಅವರು ನಿಮ್ಮ ಬಾಡಿಗೆದಾರರಲ್ವಾ?"

ಮಾಲೀಕರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹಾಗೆ ಸುಲಭವಾಗಿ ಸಿಕ್ಕಿಬೀಳುತ್ತೇನೆಯೇ ಎಂಬಂತಿತ್ತು. "ಜ್ಞಾಪಕವಿಲ್ಲ" ಎಂದರು.

ನಾನು ಬೇಡ ಬೇಡವೆಂದು ಕೈಯಾಡಿಸಿದೆ. ಅವರು ಅದನ್ನು ಶಭಾಷ್‌ಗಿರಿ ಎಂದುಕೊಂಡು ಇನ್ನಷ್ಟು ಎದೆಯುಬ್ಬಿಸಿದರು.

ಸಂಜೆ ಟೈಪಿಸ್ಟು ಖುದ್ದಾಗಿ ಮನೆಗೆ ಬಂದು ವರದಿ ಕೊಟ್ಟ. "ವಕೀಲರು ಪ್ರಾಮಾಣಿಕರಾ ಅಂದಳು. ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ ಅಂದೆ. ಹೆಂಗೆ?" ನಮ್ಮಣ್ಣನನ್ನು, "ಇವರ ಮೇಲೆ ಯಾವತ್ತಾದರೂ ಪೊಲೀಸ್ ದೂರು ಏನಾದರೂ..." ಎಂದು ಕೇಳಿದಳಂತೆ. "ಕೇಳಿದ ತಕ್ಷಣ ಇಲ್ಲ ಅಂದುಬಿಟ್ಟರೆ ಹೇಳಿಕೊಟ್ಟಂಗೆ ಕಾಣುತ್ತಲ್ಲ" ಎಂದ ಅಣ್ಣ. "ಅದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸದ್ಯಕ್ಕೆ ಜ್ಞಾಪಕಕ್ಕೆ ಬರ್ತಿಲ್ಲ ಅಂದೆ."

ಹುಡುಗಿ ಇವರಿಗೇ ಫೋನ್ ಮಾಡಿದಾಗ ಅವಳ ದನಿಯಲ್ಲಿ ನಗುವಿರಲಿಲ್ಲ. "ಸರ್, ನೀವು ಕೊಟ್ಟ ಮೂವರೂ ನಿಮ್ಮ ಬಗ್ಗೆ ಏನೂ ಹೇಳಲಿಲ್ಲ."

"ಏನೂ ಹೇಳಲಿಲ್ವಾ?"

"ಒಂದಕ್ಷರ ಇಲ್ಲ, ಸರ್."

"ಭೇಷ್!" ಎಂದರು ನಮ್ಮವರು. ಆಮೇಲೆ ನನ್ನ ಮುಖ ನೋಡಿ, ತಾವು ಸಾಕ್ಷಿಗಳನ್ನು ತಯಾರು ಮಾಡಿದ್ದು ತಮ್ಮ ವಿರುದ್ಧವೇ ಎಂಬುದು ನಿಧಾನವಾಗಿ ಹೊಳೆದು, ಕುರ್ಚಿಯಲ್ಲಿ ಕುಸಿದರು.

ಎರಡು ವಾರ ಫೋನ್ ಬರಲಿಲ್ಲ. ಮಗಳ ಕಪ್ಪು ಕೋಟು ಹೊಲಿದು ಬಂತು. ಇವರು ಬೆಳಿಗ್ಗೆ ಎದ್ದು ಕ್ಯಾಲೆಂಡರಿನ ಮುಂದೆ ನಿಲ್ಲುವುದು, ಮುಖ ತೊಳೆಯಲು ಹೋಗುವುದು, ಮತ್ತೆ ಬಂದು ನಿಲ್ಲುವುದು. ಇಡೀ ಊರಿಗೆ ತಾರೀಖು ಮುಂದಕ್ಕೆ ಹಾಕಿಸಿಕೊಟ್ಟ ಮನುಷ್ಯನಿಗೆ ತನ್ನ ಮನೆಯ ಒಂದು ತಾರೀಖನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಲು ಆಗಲಿಲ್ಲ.

ಆಗ ಹುಡುಗಿಯ ಫೋನ್ ಬಂತು. "ಸರ್, ಗುಡ್ ನ್ಯೂಸ್! ಫ್ಯಾಕ್ಟರಿಯವರು ನಿಮ್ಮ ಬಗ್ಗೆ ಕೋರ್ಟಲ್ಲೇ ವಿಚಾರಿಸಿದರಂತೆ. ನಾಳೆಯೇ ಬರಬೇಕಂತೆ."

"ಕೋರ್ಟಲ್ಲಿ ವಿಚಾರಿಸಿದ್ರಾ?" ಎಂದು ಇವರು ಬಿಳಿಚಿಕೊಂಡರು. ಮಗಳು ಮಾತ್ರ ಕುಣಿದಾಡಿದಳು. "ನೋಡಿದ್ಯಾ ಅಮ್ಮಾ, ಕೋರ್ಟಲ್ಲಿ ಕೇಳಿದರೆ ಸಾಕು, ಅಪ್ಪ ಎಂಥೋರು ಅಂತ ಗೊತ್ತಾಗುತ್ತೆ!"

ಮಾರನೆಯ ಮಧ್ಯಾಹ್ನ ಇವರು ಕೆಲಸದ ಪತ್ರ ಹಿಡಿದುಕೊಂಡು ಬಂದರು. ಮಾಲೀಕರು ಮೆಟ್ಟಿಲಲ್ಲೇ ಅಡ್ಡಗಟ್ಟಿ, "ನನ್ನ ಸಾಕ್ಷಿ ಕೆಲಸ ಮಾಡ್ತು ನೋಡಿ" ಎಂದರು. ಟೈಪಿಸ್ಟು ತನ್ನ ಸಾಕ್ಷಿಯೇ ಎಂದ. ಅಣ್ಣ ಫೋನಿನಲ್ಲಿ, "ಭಾವ, ಆ ಪೊಲೀಸ್ ಪ್ರಶ್ನೆಗೆ ನಾನು ಸ್ವಲ್ಪ ಎಡವಿದ್ದರೂ ನಿಮ್ಮ ಕಥೆ ಮುಗೀತಿತ್ತು" ಎಂದ. ಇವರು ಮೂವರಿಗೂ ಹಲ್ಲು ಕಿರಿದು, ಸೀದಾ ಅಡುಗೆಮನೆಗೆ ಬಂದು, ಬಾಗಿಲು ಮುಂದಕ್ಕೆ ಮಾಡಿದರು.

"ಮ್ಯಾನೇಜರ್ ಏನಂದ ಗೊತ್ತಾ?" ಎಂದರು. "ನಮ್ಮ ಮೇಲೆ ಅರವತ್ತೆಂಟು ಕೇಸಿದೆ, ಎಲ್ಲಾ ಕೆಲಸಗಾರರು ಹಾಕಿರೋದು. ನಮಗೆ ಗೆಲ್ಲೋ ವಕೀಲರು ಬೇಡ. ಗೆಲ್ಲೋರು ಒಂದೊಂದು ಸಲ ಸೋತೂ ಬಿಡ್ತಾರೆ. ನಮಗೆ ಮುಗಿಸದೇ ಇರೋರು ಬೇಕು. ನಿಮ್ಮ ಹೆಸರು ಹೇಳಿದ ತಕ್ಷಣ ಕೋರ್ಟಲ್ಲಿ ಜವಾನನಿಗೂ ಗೊತ್ತಾಯ್ತು, ಅಂದ."

"ಆ ಹುಡುಗಿ ಏನಂದಳು?"

"ಇಷ್ಟು ಸರಿಯಾಗಿ ಹೊಂದೋ ಕ್ಯಾಂಡಿಡೇಟ್ ತನ್ನ ಸರ್ವೀಸಲ್ಲೇ ಸಿಕ್ಕಿರಲಿಲ್ಲವಂತೆ."

"ಬೇಡ ಅಂದುಬಿಡಿ."

"ಹಾಗಂದರೆ ಮಗಳು ಕೋರ್ಟಿಗೆ ಬರೋ ದಿನ ನಾನು ಎಲ್ಲಿರಲಿ?" ಎಂದರು. ಒಲೆಯ ಮೇಲಿನ ಹಾಲು ಉಕ್ಕಿತು, ನಾನು ಅದನ್ನು ಒರೆಸಿದೆ.

ಮಗಳಿಗೆ ಹೇಳಿದ್ದು ಬೇರೆ. ಅಪ್ಪನಿಗೆ ಇನ್ನು ಆಫೀಸಿನ ಕೆಲಸ, ಕುರ್ಚಿಯಲ್ಲಿ ಕೂತು ಸಲಹೆ ಕೊಡುವುದು, ಕೋರ್ಟಿನ ತಿರುಗಾಟ ಮುಗಿಯಿತು, ಎಂದೆವು. ಕುರ್ಚಿ ಇದ್ದದ್ದು ನಿಜ. ಗುಂಡಗೆ ತಿರುಗುವ ಕುರ್ಚಿ. ಕರೆದುಕೊಂಡು ಹೋಗಲು ಕಾರೂ ಬರುತ್ತಿತ್ತು. ಮಗಳು ಕೊಂಚ ಮುಖ ಸಣ್ಣದು ಮಾಡಿಕೊಂಡಳು. "ಒಂದು ಸಲವಾದರೂ ಅಪ್ಪ ಕೋರ್ಟಲ್ಲಿ ಮಾತಾಡೋದು ನೋಡಬೇಕಿತ್ತು" ಎಂದಳು.

ಅವಳು ಕೋರ್ಟಿಗೆ ಹೋಗತೊಡಗಿದ ಮೇಲೆ ಇವರು ಅವಳ ಕೋರ್ಟ್ ಹಾಲ್ ಯಾವುದು, ಯಾವ ಹೊತ್ತಿಗೆ ಎಲ್ಲಿರುತ್ತಾಳೆ ಎಂದು ಉಪಾಯವಾಗಿ ಕೇಳಿ ತಿಳಿದುಕೊಂಡು, ಆ ಕಡೆ ತಲೆ ಹಾಕದಂತೆ, ಕಾರ್ಖಾನೆಯ ಕೇಸುಗಳಿದ್ದ ಎದುರು ಕಟ್ಟಡದಲ್ಲೇ ವಾಯಿದೆ ಕೇಳಿಕೊಂಡು ಬರುತ್ತಿದ್ದರು. ಕದ್ದು ಮುಚ್ಚಿ ಸಂಸಾರ ಮಾಡುವವರೂ ಇಷ್ಟು ಜಾಗ್ರತೆ ವಹಿಸಲಾರರು. ಎರಡು ತಿಂಗಳು ಹೀಗೇ ನಡೆಯಿತು.

ಆಮೇಲೆ ಒಂದು ದಿನ ಮಗಳು ಮೊದಲ ಬಾರಿಗೆ ಒಬ್ಬಳೇ ನಿಂತು ಮಾತನಾಡುವುದೆಂದಾಯಿತು. ಅವಳ ಹಿರಿಯ ವಕೀಲೆ ಬೇರೆ ಕಡೆ ಹೋಗಬೇಕಿತ್ತಂತೆ. "ಅಮ್ಮಾ, ನೀನು ಬರಲೇಬೇಕು" ಎಂದಳು. ಇವರು ತಮಗೆ ಅಂದು ಕಾರ್ಖಾನೆಯಲ್ಲಿ ಮೀಟಿಂಗ್ ಎಂದು ಹೇಳಿ ಮೊದಲೇ ಹೊರಟುಹೋದರು. ನಾನು ಮನೆಕೆಲಸ ಮುಗಿಸಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಮಗಳ ಪಕ್ಕದಲ್ಲಿ ಅವಳ ಕಕ್ಷಿದಾರ ನಿಂತಿದ್ದ. ಐವತ್ತು ದಾಟಿದ, ಬಡಕಲು ಮನುಷ್ಯ. ಬಲಗೈಯನ್ನು ಅಂಗಿಯ ಮಡಿಕೆಯಲ್ಲಿ ಮರೆಮಾಡಿಕೊಂಡಿದ್ದ. ಮೂರು ಬೆರಳು ಯಂತ್ರಕ್ಕೆ ಹೋಗಿವೆ ಎಂದು ಮಗಳು ಮನೆಯಲ್ಲಿ ಹೇಳಿದ್ದಳು. ಯಾವ ಯಂತ್ರ, ಯಾವ ಕಾರ್ಖಾನೆ ಎಂದು ನಾನೂ ಕೇಳಿರಲಿಲ್ಲ. ಆ ಕೇಸು ನಡೆಯುತ್ತಿದ್ದದ್ದು ಎದುರು ಕಟ್ಟಡದಲ್ಲಿ. ಅಲ್ಲಿನ ನ್ಯಾಯಾಧೀಶರು ರಜೆ ಹಾಕಿದ್ದರಿಂದ ಅಂದಿನ ಕೇಸುಗಳನ್ನೆಲ್ಲ ಮಗಳು ದಿನವೂ ಇರುತ್ತಿದ್ದ ಈ ಹಾಲ್‌ಗೇ ಕಳಿಸಿದ್ದರು.

ಕೇಸಿನ ನಂಬರ್ ಕೂಗಿದರು. ಬಾಗಿಲಿನಿಂದ ಓಡೋಡಿ ಬಂದವರು ನಮ್ಮ ಯಜಮಾನರು. ಏದುಸಿರು ಬಿಡುತ್ತಾ, ಯಾರನ್ನೂ ನೋಡದೆ, ನೇರ ಮೇಜಿನ ಮುಂದೆ ನಿಂತರು.

"ಸ್ವಾಮಿ, ಕಂಪನಿಯ ಸಾಕ್ಷಿ ಊರಲ್ಲಿಲ್ಲ. ವಾಯಿದೆ ಕೊಡಬೇಕು."

ಆಮೇಲೆ ಪಕ್ಕಕ್ಕೆ ತಿರುಗಿದರು.

ಅಪ್ಪನನ್ನು ನೋಡಿದ ಮಗಳು ಕೈಯಲ್ಲಿದ್ದ ನಾಲ್ಕು ಹಾಳೆಗಳ ಕಡೆ ಕಣ್ಣಿಳಿಸಿದಳು. ಅವಳು ಅವನ್ನು ಮೇಜಿನ ಮೇಲಿಟ್ಟು ಅಂಗೈ ಒತ್ತಿದಳು.

"ಏನಮ್ಮಾ, ತಕರಾರಿದೆಯಾ?" ಎಂದರು ನ್ಯಾಯಾಧೀಶರು, ತಲೆಯೆತ್ತದೆ.

"ಇದೆ, ಸ್ವಾಮಿ. ಇದು ಇಪ್ಪತ್ತಮೂರನೇ ವಾಯಿದೆ. ಆ ಸಾಕ್ಷಿ ಆರು ವರ್ಷದಿಂದ ಊರಲ್ಲಿಲ್ಲ."

ಹಾಲ್‌ನಲ್ಲಿ ನಗು ಎದ್ದಿತು. ನ್ಯಾಯಾಧೀಶರು ಮೊದಲ ಸಲ ತಲೆಯೆತ್ತಿದರು. "ಏನು ಹೇಳ್ತೀರಿ, ವಕೀಲರೇ? ಇವತ್ತು ನಡೆಸಿಬಿಡೋಣವಾ?"

ನಮ್ಮವರು ಮಗಳನ್ನು ನೋಡಿದರು, ಅವಳ ಅಂಗೈ ಕೆಳಗಿನ ಹಾಳೆಗಳನ್ನು ನೋಡಿದರು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಆಗಲಿ ಎನ್ನಿ, ಒಂದೇ ಮಾತು, ಆಗಲಿ ಎಂದುಬಿಡಿ, ಎಂದು ತುಟಿಯಲ್ಲೇ ಹೇಳಿಕೊಂಡೆ. ಅವರ ಹಿಂದೆ ಕಂಪನಿಯ ಗುಮಾಸ್ತ ಪೆನ್ನು ಹಿಡಿದು ಬರೆದುಕೊಳ್ಳಲು ಕಾಯುತ್ತಿದ್ದ.

"ಸ್ವಾಮಿ" ಎಂದರು. ದನಿ ಗಂಟೆಯಂತಿತ್ತು. "ಎದುರು ಪಕ್ಷದ ವಕೀಲರು ಹೊಸಬರು, ಚಿಕ್ಕವರು. ಇದು ಆರು ವರ್ಷದ ದೊಡ್ಡ ಕಡತ. ಅವರಿಗೂ ಓದಿಕೊಳ್ಳೋಕೆ ಸ್ವಲ್ಪ ಕಾಲ ಸಿಕ್ಕಂತಾಗುತ್ತೆ. ಅವರ ಹಿತದೃಷ್ಟಿಯಿಂದಲೇ ಕೇಳ್ತಿದ್ದೀನಿ."

ಜ್ವರ, ಸೊಂಟನೋವು, ಹಲ್ಲುನೋವುಗಳನ್ನೆಲ್ಲ ಇಪ್ಪತ್ತೆರಡು ವರ್ಷ ಬಳಸಿದವರು. ಇಷ್ಟು ಗಟ್ಟಿಯಾದ ಕಾರಣ ಅವರಿಗೆ ಎಂದೂ ಸಿಕ್ಕಿರಲಿಲ್ಲ. ನ್ಯಾಯಾಧೀಶರು ಮಗಳ ಕಡೆ ಕರುಣೆಯಿಂದ ನೋಡಿ, "ಅದೂ ಸರಿ" ಎಂದರು. ನಾಲ್ಕು ತಿಂಗಳ ನಂತರದ ಒಂದು ತಾರೀಖು ಹೇಳಿದರು. ಮಗಳು ಹೇಳಬೇಕೆಂದು ಬರೆದುಕೊಂಡು ಬಂದಿದ್ದ ನಾಲ್ಕು ಹಾಳೆ ಮೇಜಿನ ಮೇಲೆ ಹಾಗೇ ಉಳಿದವು.

ಹೊರಗೆ ವರಾಂಡದಲ್ಲಿ ಇವರು ಅವಳ ಹಿಂದೆಯೇ ಬಂದರು. "ಚೆನ್ನಾಗಿ ಮಾತಾಡಿದೆ, ಮಗಳೇ" ಎಂದರು. "ಇಪ್ಪತ್ತಮೂರನೇದು ಅಂದೆಯಲ್ಲ, ಅದು ಒಳ್ಳೆ ಪಾಯಿಂಟು."

ಕಕ್ಷಿದಾರ ಇವರನ್ನೂ ಅವಳನ್ನೂ ನೋಡಿ, "ಅಮ್ಮಾ, ಇವರು ನಿಮ್ಮ ತಂದೆಯೋರಾ?" ಎಂದ. ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ ಎಂದುಕೊಂಡೆ. ಅವನು ಮುಖ ಅರಳಿಸಿ, ಮರೆಮಾಡಿದ್ದ ಕೈಯನ್ನು ಹೊರತೆಗೆದು, ಎರಡೂ ಕೈ ಜೋಡಿಸಿದ.

"ಸ್ವಾಮಿ, ಗೊತ್ತಿರಲಿಲ್ಲ. ಹಾಗಿದ್ರೆ ಒಂದು ಉಪಕಾರ ಮಾಡಿ. ಮುಂದಿನ ಸಲ ಸ್ವಲ್ಪ ಹತ್ತಿರದ ತಾರೀಖು ಕೇಳ್ತೀರಾ?"

ಇವರು ಅಭ್ಯಾಸದಂತೆ ಡೈರಿ ತೆರೆದರು, ಮುಚ್ಚಿದರು. ನಲವತ್ತು ನ್ಯಾಯಾಧೀಶರ ಮುಂದೆ ತಡವರಿಸದವರು ಆ ಎರಡು ಬೆರಳಿನ ಕೈಯ ಮುಂದೆ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಅಷ್ಟರಲ್ಲಿ ಗುಮಾಸ್ತ ಬಂದು, "ಸಾರ್, ಮ್ಯಾನೇಜರ್ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ, ಭಾರಿ ಖುಷಿಯಾದರು. ಕಾರು ಗೇಟಿನ ಹತ್ತಿರ ಇದೆ" ಎಂದ.

ಕಾರಿನಲ್ಲಿ ಜಾಗ ಬೇಕಾದಷ್ಟಿತ್ತು. ಇವರು ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತರು. ನಾನು ಮಗಳ ಕೋಟಿನ ತೋಳು ಹಿಡಿದೆ. "ಬಾ ಪುಟ್ಟಾ, ಮನೆಗೆ ಹೋಗೋಣ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಅವಳು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡಳು.

"ನೀನು ಹೋಗಮ್ಮಾ. ನಾನು ಬಸ್ಸಲ್ಲಿ ಬರ್ತೀನಿ. ಇವರಿಗೆ ಬಸ್ಸು ತೋರಿಸಬೇಕು."

ಆರು ವರ್ಷದಿಂದ ಈ ಕೋರ್ಟಿಗೆ ಬಂದು ಹೋಗುತ್ತಿದ್ದ ಆ ಮನುಷ್ಯನಿಗೆ ಯಾರೂ ಬಸ್ಸು ತೋರಿಸಬೇಕಾಗಿರಲಿಲ್ಲ.